ಸೋಮಾರಿ, ಬಿಳಿಚಿ, ಮೂತಿಸೊಟ್ಟ

ಮಾರ್ಚ್ ೪

ಕುಳ್ಳಾ,

ಬೆಳಗಿನಿಂದ ನಿನ್ನ ಫೋನು ಬರುತ್ತಲೇ ಇದೆ. ಎತ್ತಲಿಲ್ಲ, ಎತ್ತುವುದೂ ಇಲ್ಲ. ನಿನ್ನ ದನಿ ಕೇಳಿದರೆ ನನ್ನ ಕೋಪ ಅರ್ಧಕ್ಕೆ ಇಳಿದುಬಿಡುತ್ತದೆ. ಚಿಕ್ಕಂದಿನಿಂದಲೂ ಹಾಗೇ ಆಗಿದೆ, ನೀನೂ ಅದನ್ನು ಚೆನ್ನಾಗಿ ಬಳಸಿಕೊಂಡಿದ್ದೀಯ. ಈ ಸಲ ಇಳಿಯಬಾರದು. ಅದಕ್ಕೇ ಕಾಗದ.

ನಮ್ಮ ಸಂಶೋಧನಾ ಸಂಸ್ಥೆಯ ಕೇಂದ್ರ ಕಚೇರಿಯಿಂದ ಆದೇಶ ಬಂದಿದೆ. ಬೆಟ್ಟದ ಇಳಿಜಾರಿನಲ್ಲಿ ನಾನು ನೋಡಿಕೊಳ್ಳುವ ಬೆರ್ರಿ ತೋಟದ ಐದು ಹಂತಗಳಲ್ಲಿ ಕೆಳಗಿನದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಖಾಲಿ ಮಾಡಬೇಕಂತೆ. ಮೇಲಿನ ಮೂರು ಈಗ, ನಾಲ್ಕನೆಯದು ಮುಂದಿನ ವರ್ಷ. ನಾಲ್ಕುನೂರಕ್ಕೂ ಹೆಚ್ಚು ಬಗೆಯ ಗಿಡಗಳಲ್ಲಿ ನಲವತ್ತು ಉಳಿದರೆ ಸಾಕಂತೆ. ಮಿಕ್ಕ ಜಾಗದಲ್ಲೆಲ್ಲ ಒಂದೇ ಒಂದು ತಳಿ, ಕಪ್ಪುಮಣಿ.

ಇದಕ್ಕೆ ಆಧಾರ ಅಂತ ಒಂದು ವರದಿ ಲಗತ್ತಿಸಿದ್ದಾರೆ. ಹಣ್ಣುಗಳ ಆಂಟಿಆಕ್ಸಿಡೆಂಟ್ ಅಂಶದ ವರದಿ. ಕೊನೆಯ ಪುಟದಲ್ಲಿ ಒಂದು ಸಾಲು: ‘ಉಳಿದ ತಳಿಗಳಲ್ಲಿ ಸಂರಕ್ಷಿಸುವಂಥ ಗುಣ ಕಂಡುಬಂದಿಲ್ಲ.’ ಅದರ ಕೆಳಗೆ ಸಹಿ. ಆ ಸಹಿ ಮಾಡುವುದನ್ನು ನಿನಗೆ ಕಲಿಸಿದವಳು ನಾನು, ಕೊನೆಯ ಅಕ್ಷರದ ಬಾಲವನ್ನು ಹಿಂದಕ್ಕೆ ಎಳೆಯುವುದನ್ನೂ ಸೇರಿಸಿ.

ಗುಣ ಕಂಡುಬರದ ಗಿಡಗಳು ಯಾವುವು, ಹೇಳಲೇ? ಸೋಮಾರಿ. ಎಲ್ಲಕ್ಕಿಂತ ಮೂರು ವಾರ ತಡವಾಗಿ ಹೂ ಬಿಡುತ್ತದೆ ಅಂತ ಆ ಹೆಸರು. ವಸಂತದ ಕೊನೆಗೆ ಹಠಾತ್ತನೆ ಚಳಿ ಹೊಡೆದು ತೋಟದ ಹೂವೆಲ್ಲ ಕರಕಲಾದ ವರ್ಷ ಫಲ ಕೊಟ್ಟದ್ದು ಅದೊಂದೇ. ಬಿಳಿಚಿ. ಹಣ್ಣಿಗೆ ಬಣ್ಣವೇ ಇಲ್ಲ, ಆದರೆ ವಾರಗಟ್ಟಲೆ ಮಳೆ ಹಿಡಿದರೂ ಬೂಷ್ಟು ಹತ್ತುವುದಿಲ್ಲ. ಮೂತಿಸೊಟ್ಟ. ತಿಂದವರ ಮುಖ ನೋಡಿ ಇಟ್ಟ ಹೆಸರು. ಅದರ ಬೇರಿಗೆ ಕೊಳೆರೋಗ ತಗುಲಿದ್ದನ್ನು ನಾನು ಇಲ್ಲಿಗೆ ಬಂದಮೇಲೆ ಒಮ್ಮೆಯೂ ಕಂಡಿಲ್ಲ. ಇವುಗಳನ್ನು ಬೆಟ್ಟದ ಕೊರಕಲು, ಪಾಳು ತೋಟ, ರೈಲುಹಳಿಯ ಪಕ್ಕ, ಎಲ್ಲೆಲ್ಲಿಂದ ಹೊತ್ತು ತಂದೆ ಎಂದು ನಿನಗೆ ಗೊತ್ತು. ಎಷ್ಟೋ ಸಲ ಚೀಲ ಹೊತ್ತವನು ನೀನೇ.

ನೀನು ಅಳೆದದ್ದಾದರೂ ಏನು? ಒಂದೇ ಬೇಸಿಗೆಯ ಹಣ್ಣು. ಅದೂ ಮೋಡ ಕವಿದು ಬಿಸಿಲೇ ಕಾಣದ ಬೇಸಿಗೆ. ನಿಮ್ಮ ವ್ಯಾನು ಬರುವ ದಿನ ಎಂದು ಎಲ್ಲ ಗಿಡದಿಂದಲೂ ಒಂದೇ ದಿನ ಕೀಳಿಸಿದಿರಿ. ಸೋಮಾರಿಯದು ಇನ್ನೂ ಹಸಿರು ಕಾಯಿ. ಕಾಯಿಯನ್ನು ಅರೆದು ನೋಡಿ ‘ಬಣ್ಣ ಕಡಿಮೆ’ ಎಂದು ಬರೆದೆ! ಬರೀ ಬಣ್ಣವನ್ನು ಅಳೆದರೆ ಕಪ್ಪು ಹಣ್ಣು ಗೆಲ್ಲದೆ ಬಿಳಿ ಹಣ್ಣು ಗೆಲ್ಲುತ್ತದೆಯೇ? ಬಿಸಿಲು, ಚಳಿ, ಹುಳು ಇವುಗಳಿಂದ ತನ್ನನ್ನು ತಾನು ಕಾಪಾಡಿಕೊಳ್ಳಲು ಗಿಡ ಮಾಡಿಕೊಳ್ಳುವ ಹತ್ತಾರು ರಸಗಳಲ್ಲಿ ಬಣ್ಣವೂ ಒಂದು, ಅಷ್ಟೇ ಎಂದು ನನಗೆ ಹೇಳಿಕೊಟ್ಟವನು ನೀನು.

ಎರಡನೇ ಬೇಸಿಗೆಯಲ್ಲಿ ಒಂದೊಂದು ಗಿಡದ್ದೂ ಹದ ನೋಡಿ ನಾನೇ ಕಿತ್ತು ಕಳಿಸಿದ್ದೆ. ಅವೆಲ್ಲ ನಿನ್ನ ಫ್ರೀಜರಿನಲ್ಲಿ ಬಿದ್ದಿವೆ. ಅವನ್ನು ಮುಟ್ಟದೆ ವರದಿ ಕೊಟ್ಟೆ.

ಆ ಸಾಲನ್ನು ವಾಪಸ್ ತೆಗೆದುಕೋ. ಬೇರೇನೂ ಬೇಡ.

ಅಕ್ಕ


ಮಾರ್ಚ್ ೧೭

ಅಕ್ಕ,

ನಿನ್ನ ಕಾಗದವನ್ನು ಪ್ರಯೋಗಾಲಯದಲ್ಲೇ ಓದಿದೆ. ನನ್ನ ಮುಖ ಹೇಗಾಗಿತ್ತೋ, ಪಕ್ಕದವರು ಕೇಳದೆಯೇ ನೀರು ತಂದುಕೊಟ್ಟರು.

ಆ ಸಾಲು ನನ್ನದಲ್ಲ. ನಿರ್ದೇಶಕರು ಸೇರಿಸಿದ್ದು. “ಇದು ಆಡಳಿತದ ಭಾಷೆ, ನಿಮಗೆ ಅರ್ಥ ಆಗಲ್ಲ, ಸಹಿ ಹಾಕ್ರಿ” ಅಂದರು. ಹಾಕಿದೆ. ಎರಡನೇ ಬೇಸಿಗೆಯ ಹಣ್ಣು ಅಳೆಯುವ ಹೊತ್ತಿಗೆ ಯಂತ್ರ ಕೆಟ್ಟು ಕೂತಿತ್ತು. ಬಿಡಿಭಾಗ ಮೊನ್ನೆ ಮೊನ್ನೆ ಬಂತು. ವರದಿ ಅದಕ್ಕೆ ಕಾಯಲಿಲ್ಲ.

ಆದರೆ ಅಕ್ಕ, ನಾನು ಕೊಟ್ಟ ಅಂಕಿಗಳು ಸುಳ್ಳಲ್ಲ. ನನ್ನ ಮೇಜಿಗೆ ಬಂದ ಹಣ್ಣಿನಲ್ಲಿ ಏನಿತ್ತೋ ಅದನ್ನು ಬರೆದೆ. ಅಕ್ಕ ಸಾಕಿದ ಗಿಡ ಎಂದು ನಾಲ್ಕು ಅಂಕ ಜಾಸ್ತಿ ಹಾಕಬೇಕಿತ್ತೇ? ನೀನು ನನಗೆ ಗಣಿತ ಹೇಳಿಕೊಡುತ್ತಿದ್ದಾಗ ಒಂದು ಸೊನ್ನೆ ಆಚೀಚೆಯಾದರೂ ತಲೆಗೆ ಮೊಟಕುತ್ತಿದ್ದೆ. ಈಗ ಅಂಕಿ ನಿನಗೆ ಹಿಡಿಸಲಿಲ್ಲ ಎಂದು ಮೊಟಕಲು ಬಂದಿದ್ದೀಯ.

ಕೋಪ ನಿನಗೊಬ್ಬಳಿಗೇ ಗುತ್ತಿಗೆ ಕೊಟ್ಟಿಲ್ಲ. ನಾಲ್ಕುನೂರು ಗಿಡಗಳ ಅಡ್ಡಹೆಸರು ನಿನಗೆ ಬಾಯಿಪಾಠ. ಅಮ್ಮ ನುಂಗುವ ಮಾತ್ರೆಗಳಲ್ಲಿ ಒಂದರ ಹೆಸರಾದರೂ ಹೇಳು ನೋಡೋಣ. ಕೆಲವು ವರ್ಷದ ಹಿಂದೆ ಅಮ್ಮ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಾಗ ನೀನು ಏನಂದೆ? “ಹೂವಿನ ಸಮಯ ಕಣೋ, ಬಿಟ್ಟು ಬರೋಕಾಗಲ್ಲ.” ಆಪರೇಷನ್ ಆಗುವಷ್ಟು ಹೊತ್ತೂ ಹೊರಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಬ್ಬನೇ ಕೂತಿದ್ದೆ. ನರ್ಸ್ ಬಂದು “ನಿಮ್ಮ ಜೊತೆ ಬೇರೆ ಯಾರೂ ಇಲ್ವಾ?” ಅಂತ ಕೇಳಿದಾಗ ಇಲ್ಲ ಅಂದೆ. ಬಾಯಿಗೆ ಬಂದದ್ದು ಅದೇ.

ನೀನು ತಿಂಗಳು ಬಿಟ್ಟು ಬಂದೆ. ಬಂದವಳು ಕಿಟಕಿಯ ಮೇಲಿನ ಕುಂಡಕ್ಕೆ ನೀರು ಹಾಕಿಲ್ಲ ಎಂದು ನನ್ನ ಹೆಂಡತಿಗೆ ಬೈದೆ.

ಸಾಲು ವಾಪಸ್ ತೆಗೆಯುವುದು ನನ್ನ ಕೈಲಿಲ್ಲ. ನಿರ್ದೇಶಕರನ್ನು ಕೇಳು.

ತಮ್ಮ


ಏಪ್ರಿಲ್ ೯

ಕೇಳಿದೆ.

ಅವರೇ ಬಂದಿದ್ದರು, ಕೆಸರಿನ ಹೊಲಕ್ಕೆ ಕೋಟು ತೊಟ್ಟುಕೊಂಡು. ಹಿಂದೆಯೇ ದೊಡ್ಡ ಹಳದಿ ಯಂತ್ರ. ನಾನು ಮೊದಲ ಹಂತದ ಏರಿಯ ಮೇಲೆ ನಿಂತಿದ್ದೆ.

“ಮೇಡಂ, ಸೆಂಟಿಮೆಂಟ್ ಬೇಡ” ಅಂದರು.

“ಸೆಂಟಿಮೆಂಟ್ ಅಲ್ಲ ಸಾರ್. ಮೂರು ವಾರ ತಡವಾಗಿ ಹೂ ಬಿಡೋ ಗಿಡ ಇದು. ಆ ಕೆಟ್ಟ ಚಳಿ ಬಂದ ವರ್ಷ ಇದೊಂದೇ ಉಳೀತು.”

“ಅಂಥ ಚಳಿ ಎಷ್ಟು ವರ್ಷಕ್ಕೊಂದು ಸಲ ಬರುತ್ತೆ?”

“ಒಂದು ಸಲ ಬಂದ್ರೆ ಸಾಕಲ್ವಾ ಸಾರ್?”

ಅವರು ನಕ್ಕರು. “ಹೋಗ್ಲಿ, ಬೀಜ ತೆಗೆದು ಡಬ್ಬೀಲಿ ಇಟ್ಕೊಳ್ಳಿ.”

“ಬೀಜದಿಂದ ಬರೋದು ಮಕ್ಕಳು ಸಾರ್. ಇದೇ ಗಿಡ ಬರಲ್ಲ. ನಿಮ್ಮ ಮಗ ನೀವಲ್ಲವಲ್ಲ.”

ಮಗನ ಮಾತು ಯಾಕೆ ಬಂತು ಎಂದು ಮುಖ ಸಿಂಡರಿಸಿಕೊಂಡರು. ಯಂತ್ರದವನಿಗೆ ಕೈ ಬೀಸಿದರು. ಅವನು ಇಳಿದು ಬಂದು “ಅಮ್ಮಾ, ನಂಗೂ ಮನೆ ಇದೆ, ಸ್ವಲ್ಪ ಪಕ್ಕಕ್ಕೆ ಬನ್ನಿ” ಅಂದ. ಅವನ ಮೇಲೆ ಏನು ಹಾರಾಡುವುದು? ಪಕ್ಕಕ್ಕೆ ಬಂದೆ. ಬಂದುಬಿಟ್ಟೆ. ಆ ಒಂದು ಹೆಜ್ಜೆಗೆ ನನ್ನ ಮೇಲೆ ನನಗಿರುವ ಸಿಟ್ಟು ನಿನ್ನ ಮೇಲಿನದಕ್ಕಿಂತ ಕಡಿಮೆಯೇನಲ್ಲ.

ಮಧ್ಯಾಹ್ನದೊಳಗೆ ಮೂರು ಹಂತವೂ ಬೋಳು. ಬೇರಿನ ತುಂಡು ನೆಲದಲ್ಲಿ ಉಳಿದರೆ ಚಿಗುರುತ್ತದೆ ಎಂದು ಯಾರೋ ಹೇಳಿಕೊಟ್ಟಿರಬೇಕು, ಮಾರನೆಯ ದಿನ ಕಳೆನಾಶಕ ಹೊಡೆಸಿದರು. ಇಡೀ ಬೆಟ್ಟ ಆಸ್ಪತ್ರೆಯ ಹಾಗೆ ನಾರುತ್ತಿತ್ತು.

ಅದಕ್ಕೂ ಮುಂಚೆ, ಆದೇಶ ಬಂದ ದಿನದಿಂದ, ನಾನೂ ತೋಟದ ಇಬ್ಬರು ಹೆಂಗಸರೂ ಬೇರು ಕತ್ತರಿಸಿ ಒದ್ದೆ ಗೋಣಿಯಲ್ಲಿ ಸುತ್ತಿಡುತ್ತಿದ್ದೆವು. ಎಷ್ಟು ಸಾಧ್ಯವೋ ಅಷ್ಟು. ಅವನ್ನು ಸಂಸ್ಥೆಯ ಜಮೀನಿನಲ್ಲಿ ನೆಡಕೂಡದು ಎಂದು ಬಾಯಿಮಾತಿನ ಅಪ್ಪಣೆಯಾಯಿತು. ಊರಲ್ಲಿ ಹಂಚಿದೆ. ದರ್ಜಿಯ ಹಿತ್ತಲು, ಹೆರಿಗೆ ಆಸ್ಪತ್ರೆಯ ಗೋಡೆಯ ಪಕ್ಕ, ಶಾಲೆಯ ಆಟದ ಬಯಲಿನ ಅಂಚು, ಬಸ್ ಡಿಪೋದ ಹಿಂದೆ. ಕ್ಷೌರಿಕ ಕೇಳಿದ, “ಹಣ್ಣು ಬಿಟ್ರೆ ನಾನು ತಿನ್ನಬಹುದಾ?” ತಿನ್ನು ಮಾರಾಯ, ಬೇರು ಮಾತ್ರ ಕೀಳಬೇಡ ಅಂದೆ.

ಅಮ್ಮನ ವಿಷಯ. ಹೌದು, ಬರಲಿಲ್ಲ. ನೀನು ಇದ್ದೀಯ ಎಂಬ ಧೈರ್ಯದ ಮೇಲೆ ಬರಲಿಲ್ಲ. ಗಿಡದ ವಿಷಯದಲ್ಲೂ ನೀನು ಇದ್ದೀಯ ಎಂದೇ ಧೈರ್ಯದಿಂದಿದ್ದೆ.

ಇನ್ನು ಬರೆಯಬೇಡ.

ಅಕ್ಕ


ಮೇ ೨೬

ಮಗಳೇ,

ನನ್ನ ಕಣ್ಣು ಮಂಜಾಗಿದೆ, ಪಕ್ಕದ ಮನೆ ಟೀಚರಮ್ಮ ಬರೀತಾ ಇದಾರೆ. ನಾನು ಹೇಳಿದ್ದು ಹೇಳಿದ ಹಾಗೇ ಬರೀಬೇಕು ಅಂತ ಮಾತು ತಗೊಂಡಿದೀನಿ. ಒಳ್ಳೆ ಮಾತು ಸೇರಿಸಿದ್ರೆ ನಂಗೆ ಗೊತ್ತಾಗುತ್ತೆ.

ಇಬ್ಬರೂ ನನ್ನ ಸೊಂಟಾನ ನಿಮ್ಮ ಜಗಳಕ್ಕೆ ಎಳೀಬೇಡಿ. ಅದು ಈಗಾಗ್ಲೇ ಒಂದ್ಸಲ ಮುರಿದಿದೆ. ನೀನು ಬರಲಿಲ್ಲ ಅಂತ ನಂಗೆ ಬೇಜಾರಾಗಿತ್ತು. ಆಗಿತ್ತು, ಸುಳ್ಳು ಯಾಕೆ ಹೇಳ್ಲಿ. ಆ ಬೇಜಾರು ನಂದು. ಅದನ್ನ ನಿನ್ನ ಮುಂದೆ ಹೇಳ್ಕೊಳ್ಳೋ ಹಕ್ಕು ನಂದು. ಅವನಿಗೆ ಯಾರು ಕೊಟ್ರು ಅದನ್ನ? ಇದನ್ನ ಅವನಿಗೂ ಹೇಳಿದೆ. ಅನ್ನದ ತಟ್ಟೆ ಬಿಟ್ಟು ಎದ್ದು ಹೋದ.

ಆಮೇಲಿಂದ ಮನೆಗೆ ಬರೋದೇ ಹೊತ್ತಾಗಿ. ಭಾನುವಾರ ಸಹ ಲ್ಯಾಬಿಗೆ ಹೋಗ್ತಾನೆ. ಏನೋ ಅಳೀತಿದೀನಿ ಅಂತಾನೆ. ಯಾರೂ ಹೇಳಿದ ಕೆಲಸ ಅಲ್ವಂತೆ. ಬೆರಳೆಲ್ಲ ನೇರಳೆ ಬಣ್ಣ. ಮಾತಿಲ್ಲ ಕತೆಯಿಲ್ಲ, ಸೊಸೆ ಕೇಳಿದ್ರೆ ಅವಳ ಮೇಲೆ ರೇಗ್ತಾನೆ.

ನಿಂಗೂ ಕೋಪ, ಅವನಿಗೂ ಕೋಪ. ನನಗೇನು ಇಲ್ವಾ? ನಿಮ್ಮಪ್ಪ ಬದುಕಿರೋವಾಗಿಂದ ಕೋಪ ಮಾಡ್ಕೊಂಡೋರ ಮಧ್ಯ ನಿಂತು ನಿಂತು ಸಾಕಾಗಿದೆ. ಈ ಸಲ ನಿಲ್ಲಲ್ಲ. ನೀವೇ ಬಡಿದಾಡ್ಕೊಳ್ಳಿ. ಆದ್ರೆ ಕಾಗದ ಬರೀಬೇಡ ಅಂತ ಅವನಿಗೆ ಹೇಳಿದೀಯಂತೆ, ಅದು ಸರಿಯಲ್ಲ. ಬೈಯೋಕಾದ್ರೂ ಬರೀಬೇಕು.

ಟೀಚರಮ್ಮ ‘ಆಶೀರ್ವಾದಗಳು’ ಅಂತ ಬರೀಲಾ ಅಂತಾರೆ. ಬೇಡ ಅಂದೆ.

ಅಮ್ಮ


ಜೂನ್ ೨೨

ಅಕ್ಕ,

ಬರೆಯಬೇಡ ಅಂದಿದ್ದೆ. ಬರೆಯುತ್ತಿದ್ದೇನೆ.

ಎರಡನೇ ಬೇಸಿಗೆಯ ಹಣ್ಣುಗಳನ್ನೆಲ್ಲ ಅಳೆದೆ. ಫ್ರೀಜರಿನಲ್ಲಿ ನೀನು ಕಟ್ಟಿ ಕಳಿಸಿದ ಚಿಕ್ಕ ಚಿಕ್ಕ ಪೊಟ್ಟಣಗಳು ಹಾಗೇ ಇದ್ದವು. ಬಣ್ಣವೊಂದನ್ನೇ ಅಲ್ಲ, ಎಲ್ಲ ರಸಗಳನ್ನೂ. ಅನುಮಾನ ಬಂದದ್ದನ್ನು ಮತ್ತೆ ಮತ್ತೆ ನೋಡಿದೆ, ನಿನ್ನ ಮೇಲಿನ ಸಿಟ್ಟಿಗೆ. ನಿನ್ನ ಮಾತು ತಪ್ಪು ಎಂದು ತೋರಿಸಬೇಕಿತ್ತು ನನಗೆ.

ತೋರಿಸಲಾಗಲಿಲ್ಲ. ಪಟ್ಟಿ ತಲೆಕೆಳಗಾಗಿದೆ. ಕಪ್ಪುಮಣಿ ಒಳ್ಳೆಯ ಹಣ್ಣೇ, ಆದರೆ ಬಿಸಿಲಿನ ವರ್ಷದಲ್ಲಿ ಅದನ್ನು ಹಿಂದೆ ಹಾಕುವವು ಎಷ್ಟೋ ಇವೆ. ಮೊದಲ ನಲವತ್ತರಲ್ಲಿ ಮುಕ್ಕಾಲು ಪಾಲು ಬೇರೆ ಹೆಸರುಗಳು. ಬಣ್ಣವೇ ಇಲ್ಲದ ಆ ಬಿಳಿಚಿಯಲ್ಲಿ ಬೇರೊಂದು ಬಗೆಯ ರಸ ತುಂಬಿಕೊಂಡಿದೆ. ವರದಿಯಲ್ಲಿ ನಾನು ಅದಕ್ಕೆ ಕಟ್ಟಿದ ಬೆಲೆ ಹೆಚ್ಚುಕಡಿಮೆ ಸೊನ್ನೆ. ಕೆಲವು ಗಿಡಗಳದ್ದು ಎರಡು ವರ್ಷವೂ ಅಲ್ಲಾಡಿಲ್ಲ, ಕೆಲವು ಬಿಸಿಲಿಗೆ ಎರಡರಷ್ಟಾಗಿವೆ. ಒಂದೊಂದರ ಸ್ವಭಾವ ಒಂದೊಂದು. ಅದು ಹುಟ್ಟಿನಿಂದ ಬಂದದ್ದು. ಇಷ್ಟು ಬಗೆ ಒಂದೇ ಬೆಟ್ಟದ ಮೇಲೆ ಇತ್ತು.

ಇತ್ತು. ಈ ಪದ ಬರೆಯುವಾಗ ಪೆನ್ನು ಕಾಗದಕ್ಕೆ ತೂತು ಹಾಕಿತು, ನೋಡು.

ನಿರ್ದೇಶಕರ ಹತ್ತಿರ ಹೋದೆ. ನಿಂತೇ ಹೇಳಿದೆ, “ಸಾರ್, ಆ ವರದಿ ನಿಲ್ಲಲ್ಲ. ಪಟ್ಟಿ ಪೂರ್ತಿ ಬದಲಾಗಿದೆ.”

ಅವರು ಕನ್ನಡಕ ಒರೆಸುತ್ತ ಹೇಳಿದರು, “ಗಿಡಾನೇ ಇಲ್ಲ, ಪಟ್ಟಿ ಇಟ್ಕೊಂಡು ಏನ್ರೀ ಮಾಡ್ತೀರಿ?”

“ನಾಲ್ಕನೇ ಹಂತ ಇನ್ನೂ ಇದೆ ಸಾರ್.”

“ಅದು ನಿಮ್ಮ ಅಕ್ಕನ ತೋಟ ಅಲ್ವಾ?” ಅಂದರು. ಆ ‘ಅಕ್ಕ’ ಎಂಬ ಪದವನ್ನು ಅವರು ಅಂದ ರೀತಿ ನನ್ನ ಮೈಯಲ್ಲಿ ಬೆಂಕಿ ಹಚ್ಚಿತು. ಏನಂದೆನೋ ಪೂರ್ತಿ ನೆನಪಿಲ್ಲ. ಗುಮಾಸ್ತರು ಓಡಿ ಬಂದರು ಎಂದರೆ ದನಿ ಎಷ್ಟು ಏರಿತ್ತೋ ಲೆಕ್ಕ ಹಾಕು.

ಸಂಜೆ ಆಡಳಿತ ಸಮಿತಿಗೆ ನೇರವಾಗಿ ಬರೆದು ಕಳಿಸಿದೆ. ಹೊಸ ಅಂಕಿಗಳು, ನನ್ನ ಸಹಿ ಹಿಂದಕ್ಕೆ ಪಡೆದ ಒಂದು ಹೇಳಿಕೆ. ಮೂರನೇ ದಿನ ನನ್ನನ್ನು ಪ್ರಯೋಗಾಲಯದಿಂದ ಉಗ್ರಾಣಕ್ಕೆ ಹಾಕಿದರು. ಈಗ ಗಾಜಿನ ಸೀಸೆ, ರಬ್ಬರ್ ಕೈಗವಸು, ಪೊರಕೆ ಇವುಗಳ ಅಧಿಪತಿ ನಾನು. ಕಿಟಕಿ ಇಲ್ಲ. ಇಲಿ ಇದೆ.

ನೀನು ಕೇಳಿದ್ದನ್ನು ಮಾಡಿದ್ದೇನೆ ಎಂದು ತಿಳಿಸಲು ಬರೆದೆ.

ತಮ್ಮ


ಜುಲೈ ೭

ಕುಳ್ಳಾ,

ಮಾಡಿದೆ. ಸಂತೋಷ ಅನ್ನಬೇಕೇ? ಚಪ್ಪಾಳೆ ತಟ್ಟಬೇಕೇ?

ನಾನು ಕೇಳಿದ್ದು ಮಾರ್ಚಿನಲ್ಲಿ. ಮಾರ್ಚಿನಲ್ಲಿ ಗಿಡ ನಿಂತಿತ್ತು. ನಿನ್ನ ಯಂತ್ರಕ್ಕೆ ಬಿಡಿಭಾಗ ಬಂದದ್ದೂ ಮಾರ್ಚಿನಲ್ಲೇ, ನೀನೇ ಬರೆದಿದ್ದೀಯ. ನನ್ನ ಮೇಲೆ ಹಠ ಸಾಧಿಸುವ ಬದಲು ಅವತ್ತೇ ಫ್ರೀಜರಿನ ಬಾಗಿಲು ತೆಗೆದಿದ್ದರೆ? ನಿನ್ನ ಅಂಕಿಯ ಪ್ರತಿಯನ್ನು ಓದಿದೆ. ಒಂದೊಂದು ಹೆಸರಿನ ಮುಂದೆಯೂ ಒಂದೊಂದು ಗುಣ ಬರೆದಿದ್ದೀಯ. ಹೆಣದ ಎದುರು ಕೂತು ಹೊಗಳಿದ ಹಾಗಿದೆ.

ನಿನಗೆ ಉಗ್ರಾಣವಾಯಿತು. ನನ್ನ ಗಿಡಗಳಿಗೆ ಏನಾಯಿತು ಎಂದು ಹೇಳುತ್ತೇನೆ. ನೆಟ್ಟ ಬೇರುಗಳಲ್ಲಿ ಅರ್ಧಕ್ಕರ್ಧ ಚಿಗುರಿಲ್ಲ. ದರ್ಜಿಯ ಮನೆಯ ಆಡು ಒಂದು ಸಾಲನ್ನು ಮುಗಿಸಿದೆ. ಆಸ್ಪತ್ರೆಯವರು ಗೋಡೆಗೆ ಸುಣ್ಣ ಬಳಿಯುವಾಗ ಸುಣ್ಣದ ನೀರನ್ನು ಬುಡಕ್ಕೇ ಸುರಿದಿದ್ದಾರೆ. ಬದುಕಿರುವುದರ ಚೀಟಿಗಳು ಮಳೆಗೆ ತೊಳೆದುಹೋಗಿವೆ. ಎಲೆ ನೋಡಿ ಕೆಲವನ್ನು ಗುರುತಿಸುತ್ತೇನೆ. ಎಳೆಯದರಲ್ಲಿ ಎಲ್ಲ ಒಂದೇ ಥರ.

ಆದರೂ ಒಂದು ಮಾತು. ನಿರ್ದೇಶಕರ ಕೋಣೆಯಲ್ಲಿ ನೀನು ಕೂಗಾಡಿದ್ದನ್ನು ಇಲ್ಲಿನ ಜೀಪಿನ ಡ್ರೈವರ್ ಅಭಿನಯ ಸಮೇತ ಹೇಳಿದ. ಅವರ ಕೋಟಿನ ಮೇಲೆ ಉಗುಳು ಸಿಡಿದದ್ದನ್ನೂ ಬಿಡಲಿಲ್ಲ. ಎರಡು ಸಲ ಹೇಳಿಸಿಕೊಂಡು ಕೇಳಿದೆ.

ಇದನ್ನು ರಾಜಿ ಎಂದುಕೊಳ್ಳಬೇಡ.

ಅಕ್ಕ


ಅಕ್ಟೋಬರ್ ೧೫

ಅಕ್ಕ,

ಸಮಿತಿಯ ಸಭೆ ಮುಗಿದ ಮೇಲೆ ನಿನಗಾಗಿ ಗೇಟಿನ ಹತ್ತಿರ ಕಾದೆ. ನೀನು ಹಿಂಬಾಗಿಲಿನಿಂದ ಹೋದೆಯಂತೆ. ವರ್ಷಗಳ ಮೇಲೆ ಒಂದೇ ಕೋಣೆಯಲ್ಲಿ ಕೂತಿದ್ದೆವು, ಮೇಜಿನ ಆ ಕಡೆ ಈ ಕಡೆ. ನಿನ್ನ ಕೂದಲು ಇಷ್ಟು ಬೆಳ್ಳಗಾಗಿದ್ದು ನನಗೆ ಗೊತ್ತಿರಲಿಲ್ಲ.

ನೀನು ಮಾತಾಡಿದ ಹಾಗೆ ಆ ಕೋಣೆಯಲ್ಲಿ ಯಾರೂ ಮಾತಾಡಿರಲಿಕ್ಕಿಲ್ಲ. ಅಧ್ಯಕ್ಷರು “ಸ್ವಲ್ಪ ಸಮಾಧಾನ ತಗೊಳ್ಳಿ ಅಮ್ಮಾ” ಅಂದಾಗ ನೀನು “ಸಮಾಧಾನ ತಗೊಂಡೇ ನಿಂತಿದ್ದೆ ಸ್ವಾಮಿ, ಯಂತ್ರ ಬಂದ ದಿನ. ಇವತ್ತು ಆಗಲ್ಲ” ಅಂದೆಯಲ್ಲ, ನನ್ನ ಪಕ್ಕದವರು ಪೆನ್ನು ಕೆಳಗಿಟ್ಟರು.

ನನ್ನನ್ನು ಕೇಳಿದಾಗ ಹೇಳಿದೆ. ಒಂದೇ ಬೇಸಿಗೆ, ಒಂದೇ ದಿನ ಕಿತ್ತದ್ದು, ಬರೀ ಬಣ್ಣ. ಅಷ್ಟು ಗೊತ್ತಿದ್ದೂ ಸಹಿ ಹಾಕಿದೆ ಅಂದೆ. ನೀನು ಆಗ ಕಿಟಕಿಯ ಕಡೆ ನೋಡುತ್ತಿದ್ದೆ.

ತೀರ್ಮಾನ ನಿನಗೂ ಬಂದಿರುತ್ತದೆ. ನಾಲ್ಕನೇ ಹಂತವನ್ನು ಮುಟ್ಟುವಂತಿಲ್ಲ. ಊರಿನ ಹಿತ್ತಲುಗಳಲ್ಲಿರುವುದನ್ನು ಸಂಸ್ಥೆಯ ಸಂಗ್ರಹ ಎಂದೇ ಪರಿಗಣಿಸಬೇಕು. ಮೇಲಿನ ಮೂರು ಹಂತಕ್ಕೆ ‘ವಿಷಾದ’. ನಿರ್ದೇಶಕರಿಗೆ ಬಡ್ತಿ. ಹೌದು, ನೀನು ಸರಿಯಾಗಿಯೇ ಓದಿದೆ, ಬಡ್ತಿ. ಬೀಳ್ಕೊಡುಗೆಗೆ ಉಗ್ರಾಣದಿಂದ ಕುರ್ಚಿ ಕಳಿಸಿ ಅಂತ ನನಗೇ ಚೀಟಿ ಬಂತು. ಕಳಿಸಿದೆ. ಕಾಲು ಅಲ್ಲಾಡುವುದನ್ನು ಆರಿಸಿ ಅವರಿಗೇ ಇಡಿಸಿದೆ. ಬೀಳಲಿಲ್ಲ. ನನ್ನ ಹಣೆಬರಹ.

ಚೀಟಿ ತೊಳೆದುಹೋದ ಗಿಡಗಳ ವಿಷಯ ಯೋಚಿಸಿದೆ. ಎಲೆಯಿಂದ ತಳಿಯ ಗುರುತು ಹಿಡಿಯಬಹುದು. ಒಂದೊಂದು ಗಿಡದ ಜೀನಿನ ಸಾಲೂ ಬೇರೆ, ನಮ್ಮ ಬೆರಳಚ್ಚಿನ ಹಾಗೆ. ಹಳೆಯ ಗಿಡಗಳದ್ದು ಫ್ರೀಜರಿನ ಹಣ್ಣಿನಿಂದಲೇ ಸಿಗುತ್ತದೆ, ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರಾಯಿತು. ವಿಶ್ವವಿದ್ಯಾಲಯದಲ್ಲಿ ನನ್ನ ಜೊತೆ ಓದಿದವಳೊಬ್ಬಳ ಪ್ರಯೋಗಾಲಯ ಇದೆ, ರಜೆ ಹಾಕಿ ಅಲ್ಲಿ ಮಾಡುತ್ತೇನೆ. ಎಲೆ ಕಳಿಸುತ್ತೀಯಾ? ಅಥವಾ ನಾನೇ ಬಂದು ಕೀಳಲೇ?

ತಮ್ಮ


ಅಕ್ಟೋಬರ್ ೨೩

ಎಲೆ ಕಳಿಸಿದ್ದೇನೆ. ನೀನು ಬರಬೇಡ.

ಪ್ರತಿ ಪೊಟ್ಟಣದ ಮೇಲೆ ಯಾರ ಹಿತ್ತಲು, ಎಷ್ಟನೇ ಗಿಡ ಎಂದು ಬರೆದಿದೆ. ಒಣಗಿಸುವ ಪುಡಿ ಹಾಕಿದ್ದೇನೆ. ಸೀದಾ ಪ್ರಯೋಗಾಲಯಕ್ಕೆ ಒಯ್ಯಿ, ದಾರಿಯಲ್ಲಿ ಎಲ್ಲೂ ನಿಲ್ಲಬೇಡ.

ಅಕ್ಕ


ಫೆಬ್ರವರಿ ೮

ಅಕ್ಕ,

ಫಲಿತಾಂಶ ಬಂತು. ಸುತ್ತಿ ಬಳಸಿ ಹೇಳುವುದಿಲ್ಲ.

ಹಿತ್ತಲುಗಳಲ್ಲಿ ಬದುಕಿರುವುದರಲ್ಲಿ ಬೇರೆ ಬೇರೆ ತಳಿಗಳು ನೂರಕ್ಕೆ ಸ್ವಲ್ಪ ಕಡಿಮೆ. ಬಿಳಿಚಿ ಇದೆ, ಡಿಪೋದ ಹಿಂದೆ ಮೂರು ಕಡೆ. ಮೂತಿಸೊಟ್ಟ ಕ್ಷೌರಿಕನ ಅಂಗಡಿಯ ಪಕ್ಕ ಇದೆ, ಅವನ ದುರದೃಷ್ಟ. ನಾಲ್ಕು ಮತ್ತು ಐದನೇ ಹಂತದ್ದನ್ನೂ ಸೇರಿಸಿದರೆ ಸಂಗ್ರಹದ ಅರ್ಧದಷ್ಟು ಉಳಿದಂತಾಯಿತು.

ಸೋಮಾರಿ ಇಲ್ಲ. ಆಸ್ಪತ್ರೆಯ ಗೋಡೆಯ ಪಕ್ಕದ್ದನ್ನು ನೀನು ಸೋಮಾರಿ ಎಂದು ಗುರುತು ಹಾಕಿದ್ದೆ. ಅದು ಅಲ್ಲ. ಮೂರು ಸಲ ಮಾಡಿ ನೋಡಿದೆ. ನಾಲ್ಕನೇ ಸಲ ಮಾಡಲು ಹೊರಟಾಗ ನನ್ನ ಸ್ನೇಹಿತೆ “ಸಾಕು ಬಿಡೋ, ಇಲ್ಲದ್ದು ಬರಲ್ಲ” ಅಂದಳು. ಅವಳ ಮೇಲೂ ಕೂಗಾಡಿದೆ. ಆಮೇಲೆ ಪ್ರಯೋಗಾಲಯದ ಸಿಂಕಿನ ಮುಂದೆ ನಿಂತು ಅತ್ತೆ. ನಿನಗೆ ಹೇಳಬೇಕು ಅಂತಿರಲಿಲ್ಲ.

ನೀನು ಬೈಯುವುದಿದ್ದರೆ ಬೈ. ಸುಮ್ಮನಿರಬೇಡ.

ತಮ್ಮ


ಜುಲೈ ೧೮

ಕುಳ್ಳಾ,

ಐದು ತಿಂಗಳು ಸುಮ್ಮನಿದ್ದೆ. ಬೈಯಲು ಬೇಕಾದಷ್ಟು ಇತ್ತು. ಕೂತು ಬರೆಯಲು ಹೋದರೆ ಸೋಮಾರಿ ಎಂಬ ಹೆಸರು ಬಂದ ಕಡೆ ಕೈ ನಿಂತುಬಿಡುತ್ತಿತ್ತು.

ಮೊನ್ನೆ ಮೇಲಿನ ಹಂತಗಳಿಗೆ ಹತ್ತಿದೆ. ಅವತ್ತಿನಿಂದ ಅಲ್ಲಿಗೆ ಕಾಲಿಟ್ಟಿರಲಿಲ್ಲ. ಕಪ್ಪುಮಣಿ ಈ ವರ್ಷ ಮೊದಲ ಫಲ ಕೊಟ್ಟಿದೆ. ಒಂದೇ ಎತ್ತರ, ಒಂದೇ ಬಣ್ಣ, ತುದಿಯಿಂದ ತುದಿಗೆ ಹಗ್ಗ ಹಿಡಿದ ಹಾಗೆ ಸಾಲು. ಎಲ್ಲಾದರೂ ಒಂದು ಎಲೆ ಹಳದಿಯಾಗಿರುತ್ತದೇನೋ, ಹುಳು ಹತ್ತಿರುತ್ತದೇನೋ ಎಂದು ಬಗ್ಗಿ ಬಗ್ಗಿ ಹುಡುಕಿದೆ. ಏನೂ ಇಲ್ಲ. ಒಂದು ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡೆ.

ಚೆನ್ನಾಗಿತ್ತು. ನಿಜವಾಗಿಯೂ ಚೆನ್ನಾಗಿತ್ತು. ಕೋಪಕ್ಕೆ ಅಲ್ಲೇ ಏರಿಯ ಮೇಲೆ ಕೂತುಬಿಟ್ಟೆ. ಹಣ್ಣಾದರೂ ಕೆಟ್ಟದಾಗಿದ್ದರೆ ಅದನ್ನು ಉಗಿದು ಎದ್ದು ಬರಬಹುದಿತ್ತು. ಅದರದ್ದೇನು ತಪ್ಪು? ಅದನ್ನು ತಂದವಳೂ ನಾನೇ, ಒಂದು ಪಾಳು ತೋಟದಿಂದ. ಒಂದು ಒಳ್ಳೆಯದಕ್ಕೆ ಜಾಗ ಮಾಡಲು ಬೇರೆ ಇನ್ನೂರನ್ನು ಕೊಲ್ಲಬೇಕಿರಲಿಲ್ಲ, ಅಷ್ಟೇ. ಈ ಅಷ್ಟೇ ಎಂಬುದನ್ನು ಯಾರ ತಲೆಗೂ ತುಂಬಲು ನನ್ನಿಂದ ಆಗಲಿಲ್ಲ.

ಹೊಸ ನಿರ್ದೇಶಕಿ ಬಂದಿದ್ದಾರೆ. ಕೋಟು ಇಲ್ಲ, ಬೂಟು ಇದೆ. “ಕಳೆದುಹೋದ ಜಾಗ ತುಂಬೋಕೆ ಮತ್ತೆ ಬೆಟ್ಟಕ್ಕೆ ಹೋಗ್ತೀರಾ?” ಎಂದು ಕೇಳಿದರು. ನನಗೆ ನಿವೃತ್ತಿ ಹತ್ತಿರ ಬಂತು ಎಂದೆ. “ಅದಕ್ಕೇ ಈಗ ಕೇಳ್ತಿರೋದು” ಅಂದರು.

ಮೊದಲಿನ ಗಿಡ ಸಿಗುವುದಿಲ್ಲ. ಅದರ ಅಣ್ಣತಮ್ಮಂದಿರು, ಮಕ್ಕಳುಮರಿ ಯಾವುದಾದರೂ ಕೊರಕಲಲ್ಲಿ ಇರಬಹುದು. ಬೇರೆಯದೇ ಏನಾದರೂ ಇರಬಹುದು. ಎಲೆ, ಹಣ್ಣು, ಬೇರು ಮೂರನ್ನೂ ಅಲ್ಲೇ ಸರಿಯಾಗಿ ಕಟ್ಟಿ ತರುವವರು ಬೇಕು. ಹದ ನೋಡಿ ಕೀಳುವುದು ನನ್ನ ಕೆಲಸ. ಆಗಸ್ಟ್ ಎರಡನೇ ವಾರ. ನಿನ್ನ ಹೆಸರು ಕೊಟ್ಟಿದ್ದೇನೆ. ಉಗ್ರಾಣದ ಇಲಿಗೆ ರಜೆ ಹೇಳಿ ಬಾ.

ಅಕ್ಕ


ಆಗಸ್ಟ್ ೧೩

ಅಮ್ಮಾ,

ಬೆಟ್ಟದ ಬುಡದ ಲಾಡ್ಜಿನಿಂದ ಬರೆಯುತ್ತಿದ್ದೇನೆ. ಕೋಣೆಗೆ ಒಂದೇ ಮೇಜು, ಅದರ ಮೇಲೆ ಪೂರ್ತಿ ಪೊಟ್ಟಣಗಳು, ಮೊಣಕಾಲಿನ ಮೇಲಿಟ್ಟುಕೊಂಡು ಬರೆಯಬೇಕು. ಟೀಚರಮ್ಮ ಓದಿ ಹೇಳುತ್ತಾರೆ ಎಂದುಕೊಂಡಿದ್ದೇನೆ.

ನಿನ್ನ ಮಗ ಬಸ್ಸಿನಲ್ಲಿ ನಾಲ್ಕು ಗಂಟೆ ಒಂದು ಮಾತೂ ಆಡಲಿಲ್ಲ. ನಾನೂ ಆಡಲಿಲ್ಲ. ಬೆಟ್ಟ ಹತ್ತಲು ಶುರು ಮಾಡಿದ ಮೇಲೆ ಇಬ್ಬರೂ ಬಾಯಿ ತೆಗೆದೆವು, ಇಳಿಯುವ ತನಕ ಮುಚ್ಚಲಿಲ್ಲ. ಹಳೆಯದು, ಹೊಸದು, ಅಪ್ಪನ ಕಾಲದ್ದು, ಎಲ್ಲ ಬಂತು. ನಮ್ಮ ಕೂಗಾಟಕ್ಕೆ ಕುರಿ ಕಾಯುವವನೊಬ್ಬ ಯಾರಾದರೂ ಬಿದ್ದರೇನೋ ಎಂದು ಓಡಿ ಬಂದ. ನಿನ್ನ ಆಪರೇಷನ್ನಿನ ದಿನದ ಕುರ್ಚಿಯ ವಿಷಯವನ್ನು ಇವನು ಮತ್ತೆ ತೆಗೆದ. ಈ ಸಲ ಕೇಳಿಸಿಕೊಂಡೆ, ಪೂರ್ತಿ. ನಡುವೆ ಬಾಯಿ ಹಾಕಲಿಲ್ಲ. ನಿನ್ನ ಬೇಜಾರನ್ನು ಮುಂದಿನ ವಾರ ಬಂದು ನಿನ್ನಿಂದಲೇ ಕೇಳುತ್ತೇನೆ.

ಒಂದು ಕೊರಕಲಿನಲ್ಲಿ ನಾನು ಹಿಂದೆಂದೂ ನೋಡದ ಗಿಡ ಸಿಕ್ಕಿತು. ನೆಲಕ್ಕೆ ಅಂಟಿಕೊಂಡು ಬೆಳೆದಿದೆ, ಹಣ್ಣು ಕಂದು ಬಣ್ಣ, ಎಲೆಯ ಕೆಳಗೆ ಬಿಳಿ ತುಪ್ಪಳ. ಹಣ್ಣಾಗಿದ್ದದ್ದು ಒಟ್ಟು ಆರು. ನಾನು ಚೀಟಿ ಬರೆಯುವಷ್ಟರಲ್ಲಿ ನಿನ್ನ ಮಗ ಒಂದನ್ನು ತಿಂದುಬಿಟ್ಟ. ಮಾದರಿಯನ್ನು! ಇಷ್ಟು ಓದಿದ ಮನುಷ್ಯ! ರುಚಿ ಹೇಗಿತ್ತು ಎಂದು ಕೇಳಿದರೆ ಗೊತ್ತಾಗಲಿಲ್ಲ, ಇನ್ನೊಂದು ಕೊಡು ಅನ್ನುತ್ತಾನೆ.

ಇವನನ್ನು ನಾನಿನ್ನೂ ಕ್ಷಮಿಸಿಲ್ಲ ಅಮ್ಮಾ. ಆಗುತ್ತದೆಯೋ ಇಲ್ಲವೋ ಗೊತ್ತಿಲ್ಲ. ಪಕ್ಕದಲ್ಲೇ ಕೂತು ಇಣುಕಿ ಓದುತ್ತಿದ್ದಾನೆ. ಓದಲಿ.

ನಿನ್ನ ಮಗಳು

ಅಮ್ಮ, ಓದಿದೆ. ಹಣ್ಣು ಹುಳಿ ಇತ್ತು, ಹಿಂದೆಯೇ ಏನೋ ಒಗರು. ಇವಳಿಗೆ ಹೇಳಿಲ್ಲ, ಹೇಳಿದರೆ ಹೇಗೆ ಒಗರು, ಎಷ್ಟು ಒಗರು ಎಂದು ಊಟ ಮಾಡಲು ಬಿಡುವುದಿಲ್ಲ. ಬೆಳಿಗ್ಗೆ ಇನ್ನೂ ಮೇಲಕ್ಕೆ ಹೋಗಬೇಕಂತೆ. ನನ್ನ ಬೂಟು ಒಣಗಿಲ್ಲ, ಮೊಣಕಾಲು ಹಿಡಿದುಕೊಂಡಿದೆ. ಹೋಗುತ್ತೇನೆ.

ನಿನ್ನ ಮಗ